ಆಚೆ ದಡದಿಂದ ಬಂದ ಉತ್ತರ

ಭಾವ, ಮಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನದಿ ಸಮಿತಿಯ ಅಧ್ಯಕ್ಷರೇ, ನಮ್ಮ ಕಚೇರಿಯ ಹಿರಿಯರೇ, ಕಿರಿಯರೇ, ಹಿಂದುಗಡೆ ಬಾಗಿಲಿಗೆ ಒರಗಿ ನಿಂತಿರುವ ಜೀಪಿನ ಡ್ರೈವರ್ ಸಾಹೇಬರೇ — ಒಳಗೆ ಬನ್ನಿ, ಇಲ್ಲೊಂದು ಕುರ್ಚಿ ಖಾಲಿ ಇದೆ — ಎಲ್ಲರಿಗೂ ನಮಸ್ಕಾರ.

ಕಾರ್ಯಕ್ರಮದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಐದು ನಿಮಿಷ ಎಂದು ಬರೆದಿದ್ದಾರೆ. ನನ್ನನ್ನು ಬಲ್ಲವರು ಆಗಲೇ ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಆದರೆ ಇವತ್ತು ಯಾರೂ ನನಗೆ ಚೀಟಿ ಕಳಿಸಬೇಡಿ, ಗಡಿಯಾರ ತೋರಿಸಬೇಡಿ. ನಾನು ಇಲ್ಲಿ ಹೊಗಳಿ ಕೂರುವುದಕ್ಕೆ ಮಾತ್ರ ಬಂದಿಲ್ಲ. ಒಂದು ಕೆಲಸ ಬಾಕಿ ಇದೆ. ಹತ್ತೊಂಬತ್ತು ವರ್ಷದಿಂದ ಬಾಕಿ ಇದೆ. ಅದನ್ನು ಮುಗಿಸದೆ ನಾನು ಈ ವೇದಿಕೆಯಿಂದ ಇಳಿಯುವವನಲ್ಲ.

ಮೊದಲು ಹಾರ ಹಾಕಿದ ಈ ಫೋಟೊ ನೋಡಿ. ಫೋಟೊದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಾರೆ. ಇವರು ಬಲಗಡೆ ಎಲ್ಲೋ ನೋಡುತ್ತಿದ್ದಾರೆ. ಕಚೇರಿಯ ಗುರುತಿನ ಚೀಟಿಗೆಂದು ತೆಗೆಸಿದ್ದು. ಸ್ಟುಡಿಯೋದವನು ಮೂರು ಸಲ, "ಮೇಡಂ, ಈ ಕಡೆ, ಈ ಕಡೆ ನೋಡಿ" ಎಂದು ಅಂಗಲಾಚಿದ. ಕಿಟಕಿಯಾಚೆ ಯಾವುದೋ ಹಕ್ಕಿ ಕೂಗುತ್ತಿತ್ತಂತೆ. ಕೊನೆಗೆ ಅವನೇ ಸೋತು ಗುಂಡಿ ಒತ್ತಿದ. ಮೂವತ್ತು ವರ್ಷ ಕಾವಲುಗಾರ ಈ ಚೀಟಿ ನೋಡಿಯೇ ಇವರನ್ನು ಒಳಗೆ ಬಿಟ್ಟಿದ್ದಾನೆ.

ನಾವೆಲ್ಲ ಇವರನ್ನು ಮುಳ್ಳಕ್ಕ ಎನ್ನುತ್ತಿದ್ದೆವು. ಹೊಸದಾಗಿ ಸೇರಿದವರು ಇದು ಅವರ ನಾಲಿಗೆಗೆ ಕೊಟ್ಟ ಬಿರುದು ಎಂದುಕೊಂಡು ಹೆದರಿ ದೂರ ನಿಲ್ಲುತ್ತಿದ್ದರು. ನಾಲಿಗೆಯ ಮಟ್ಟಿಗೂ ಅದು ಸುಳ್ಳೇನಲ್ಲ ಬಿಡಿ! ಆದರೆ ಹೆಸರು ಬಂದದ್ದು ಬೇರೆ ಕಾರಣಕ್ಕೆ. ನದಿ ದಡದ ಕೆಲಸಕ್ಕೆ ಹೋಗಿ ಬಂದ ದಿನ ಅವರ ಅಂಗಿ, ಚೀಲ, ಜಡೆ — ಎಲ್ಲದರಲ್ಲೂ ಮುಳ್ಳು. ಅವರು ಕೂತೆದ್ದ ಕುರ್ಚಿಯಲ್ಲಿ ಕೂರುವ ಮೊದಲು ನಾವು ಕೈಯಾಡಿಸಿ ನೋಡಿಕೊಳ್ಳುತ್ತಿದ್ದೆವು. ಅವರ ಯಜಮಾನರು ಟೈಲರ್. ಹರಿದ ಅಂಗಿಗಳನ್ನು ಹೊಲಿದು ಹೊಲಿದು, ಕೊನೆಕೊನೆಗೆ ಯಾವುದು ಮೂಲ ಬಟ್ಟೆ, ಯಾವುದು ತೇಪೆ ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಅಲ್ಲವೇ ಭಾವ?

ಮುಳ್ಳಕ್ಕನ ಕೆಲಸ ಏನು ಅಂತ ಇಲ್ಲಿರುವ ನೆಂಟರಿಷ್ಟರಿಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ. ಮರಳುಗಾಡಿನ ನದಿಗಳ ದಡದಲ್ಲಿ ಹಾಡುಹಕ್ಕಿ ಹುಡುಕುವುದು. ಮರಳುಗಾಡಿನಲ್ಲಿ ಎಲ್ಲಿಯ ನದಿ ಎಂದು ನಗಬೇಡಿ. ಇವೆ. ದೂರದ ಬೆಟ್ಟದಲ್ಲಿ ಹುಟ್ಟುತ್ತವೆ, ಮರಳಿನ ನಡುವೆ ದಿನಗಟ್ಟಲೆ ಹರಿಯುತ್ತವೆ, ಸಮುದ್ರದ ಮುಖ ನೋಡದೆ ಎಲ್ಲೋ ಇಂಗಿಹೋಗುತ್ತವೆ. ಎರಡೂ ದಡಕ್ಕೆ ಅಂಟಿಕೊಂಡು ನೂರು ಹೆಜ್ಜೆ ಅಗಲದ ಮುಳ್ಳುಪೊದೆ. ನೂರೊಂದನೇ ಹೆಜ್ಜೆ ಇಟ್ಟರೆ ಮರಳು. ಅಷ್ಟು ಸಣ್ಣ ಜಾಗದಲ್ಲಿ ಎಷ್ಟು ಹಕ್ಕಿಗಳು ಸಂಸಾರ ಮಾಡುತ್ತವೆ ಎಂದರೆ, ಬೆಳಗಿನ ಹೊತ್ತು ಅಲ್ಲಿ ನಿಂತರೆ ಕಿವಿ ತುಂಬಿಹೋಗುತ್ತದೆ. ಇಂಥ ಹನ್ನೊಂದು ನದಿಗಳನ್ನು ಇವರು ಕಾಲ್ನಡಿಗೆಯಲ್ಲಿ ಮುಗಿಸಿದ್ದರು. ಎರಡು ನದಿ ಈಗ ಭೂಪಟದಲ್ಲಿ ಮಾತ್ರ ಇವೆ.

ದಾರಿಯಲ್ಲಿ ಊರು ಸಿಕ್ಕರೆ ಮೊದಲು ಹೋಗುತ್ತಿದ್ದದ್ದು ಎಲ್ಲಿಗೆ ಗೊತ್ತೇ? ಕ್ಷೌರದಂಗಡಿಗೆ! "ಬೆಳಗ್ಗೆ ಎಲ್ಲರಿಗಿಂತ ಮೊದ್ಲು ಬಾಗಿಲು ತೆಗೆಯೋನು ಅವನೇ ಕಣಯ್ಯಾ. ದಿನವೆಲ್ಲ ಕಿಟಕಿ ಪಕ್ಕ ನಿಂತಿರ್ತಾನೆ. ಅವನಿಗೆ ಗೊತ್ತಿಲ್ಲದ ಹಕ್ಕಿ ಆ ಊರಲ್ಲಿ ಇರಲ್ಲ" ಎನ್ನುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಅರ್ಧ ಗಡ್ಡ ಹೆರೆಸಿಕೊಂಡು, ಇನ್ನರ್ಧಕ್ಕೆ ನೊರೆ ಮೆತ್ತಿಕೊಂಡು ಕೂತ ಗಂಡಸರ ನಡುವೆ ಈ ಹೆಂಗಸು ಹೋಗಿ ನಿಂತು, ಬಾಯಲ್ಲಿ ಹಕ್ಕಿಯ ಹಾಗೆ ಸಿಳ್ಳೆ ಹಾಕಿದರು — "ಹಿಂಗೆ ಕೂಗೋದು ನೋಡಿದ್ದೀಯೇನಪ್ಪಾ?" ಕ್ಷೌರಿಕ ಕತ್ತಿ ಹಿಡಿದ ಕೈಯನ್ನು ಹಾಗೇ ಮೇಲೆತ್ತಿ, ಕಣ್ಣು ಮುಚ್ಚಿ ಕೇಳಿ, "ಹಂಗಲ್ಲಮ್ಮ, ಕೊನೇಲಿ ಸ್ವಲ್ಪ ನಡುಗಬೇಕು" ಎಂದು ತಾನೇ ಹಾಡಿ ತೋರಿಸಿದ. ಇವರಿಬ್ಬರೂ ಕಾಲು ಗಂಟೆ ಸಿಳ್ಳೆ ಹಾಕಿಕೊಂಡು ನಿಂತರು. ನೊರೆ ಒಣಗಿ, ಕೂತವನ ಕೆನ್ನೆ ಬಿಗಿದು, ಪಾಪ, ಅವನ ಗೋಳು ಕೇಳುವವರಿರಲಿಲ್ಲ.

ಸರಿ. ಈಗ ನನ್ನ ವಿಷಯಕ್ಕೆ ಬರುತ್ತೇನೆ.

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಆಗ ನಾನು ಇನ್ನೊಂದು ಇಲಾಖೆಯಲ್ಲಿದ್ದೆ. ಮುಳ್ಳಕ್ಕನ ಹೆಸರು ಕೇಳಿದ್ದೆ, ಮುಖ ನೋಡಿರಲಿಲ್ಲ. ಆ ವರ್ಷ ಎಲ್ಲರಿಗೂ ಒಂದೇ ಹಕ್ಕಿಯ ಹುಚ್ಚು. ಹಿಡಿಯಷ್ಟು ಗಾತ್ರದ ಬೂದು ಹಕ್ಕಿ. ದಟ್ಟ ಪೊದೆಯೊಳಗೇ ಇರುತ್ತದೆ, ಹೊರಗೆ ತಲೆ ಹಾಕುವುದಿಲ್ಲ, ನಾವು ಅದನ್ನು ಪೊದೆಹಾಡಿ ಎಂದು ಕರೆಯುತ್ತಿದ್ದೆವು. ಹಾಡು ಮಾತ್ರ ಒಮ್ಮೆ ಕೇಳಿದರೆ ಮರೆಯುವಂಥದ್ದಲ್ಲ — ಮೂರು ಸ್ವರ ಇಳಿಯುತ್ತದೆ, ಒಂದು ಕ್ಷಣ ತಡೆಯುತ್ತದೆ, ಆಮೇಲೆ ನಡುಗುತ್ತದೆ. ಅಂಥ ಒಂದು ನದಿಯ ಮೇಲ್ಭಾಗದಲ್ಲಿ ಅಣೆಕಟ್ಟು ಬಂದಿತ್ತು. ಕೆಳಗೊಂದು ದೊಡ್ಡ ತಿರುವು, ಅಲ್ಲಿ ಒಳ್ಳೆಯ ಪೊದೆಗಾಡು. ಆ ತಿರುವಿನಲ್ಲಿ ಪೊದೆಹಾಡಿ ಇದೆ ಎಂದು ತೋರಿಸಿದರೆ ವರ್ಷಕ್ಕೆ ಎರಡು ಸಲ ಗೇಟು ತೆಗೆದು ನೀರು ಬಿಡುತ್ತೇವೆ, ಇಲ್ಲವಾದರೆ ಇಲ್ಲ — ಹೀಗೆಂದು ನದಿ ಸಮಿತಿ ತೀರ್ಮಾನ ಮಾಡಿತ್ತು. ನೀರಿಲ್ಲದಿದ್ದರೆ ಪೊದೆ ಎರಡೇ ವರ್ಷದಲ್ಲಿ ಸೌದೆ.

ಹುಡುಕುವುದು ಹೇಗೆ? ಸುಲಭ. ಹಕ್ಕಿಯ ಹಾಡಿನ ಒಂದು ಹಳೆಯ ಧ್ವನಿಮುದ್ರಣ ಇತ್ತು. ಎಲ್ಲ ಕಚೇರಿಗೂ ಅದನ್ನೇ ಹಂಚಿದ್ದರು, ನಾವು ಮನೆಯಲ್ಲಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದೆವು. ಪೊದೆಯಲ್ಲಿ ಕೂತು ಟೇಪು ಹಾಕುವುದು. ಒಳಗೆ ಗಂಡುಹಕ್ಕಿ ಇದ್ದರೆ, ಯಾರೋ ತನ್ನ ಜಾಗಕ್ಕೆ ನುಗ್ಗಿದ್ದಾನೆಂದು ಸಿಟ್ಟಾಗಿ ಉತ್ತರ ಕೊಡುತ್ತದೆ. ನಿಯಮ ಏನೆಂದರೆ — ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ — ಅರ್ಧ ನಿಮಿಷ ಹಾಡು ಹಾಕಬೇಕು, ಆಮೇಲೆ ಎರಡು ನಿಮಿಷ ಉಸಿರು ಬಿಗಿಹಿಡಿದು ಕೇಳಬೇಕು. ಪೂರಾ ಎರಡು ನಿಮಿಷ.

ನಾನು ಪಶ್ಚಿಮದ ದಡದಲ್ಲಿದ್ದೆ. ಆಗಷ್ಟೇ ಬೆಳಕು ಹರಿದಿತ್ತು. ಟೇಪು ಹಾಕಿದೆ. ನಿಲ್ಲಿಸಿದೆ. ಆಚೆ ದಡದಿಂದ — ಮೂರು ಸ್ವರ, ತಡೆ, ನಡುಕ!

ಎರಡು ನಿಮಿಷ ಕಾಯುವ ತಾಳ್ಮೆ ಯಾರಿಗಿತ್ತು? ಇಪ್ಪತ್ತು ಸೆಕೆಂಡಿಗೇ ಮತ್ತೆ ಗುಂಡಿ ಒತ್ತಿದೆ. ಮತ್ತೆ ಉತ್ತರ. ಮತ್ತೆ ಒತ್ತಿದೆ. ಮತ್ತೆ ಉತ್ತರ. ಛತ್ರಿಯಂಥ ದೊಡ್ಡ ಮೈಕು ಆಚೆ ದಡಕ್ಕೆ ಹಿಡಿದು ಎಲ್ಲವನ್ನೂ ಇನ್ನೊಂದು ಯಂತ್ರದಲ್ಲಿ ತುಂಬಿಕೊಂಡೆ. ಮರುದಿನ ಬೆಳಗ್ಗೆಯೂ ಅದೇ. ಪುಸ್ತಕದಲ್ಲಿ ಬರೆದೆ: ಒಂದು ಗಂಡು, ಬಲವಾದ ಪ್ರತಿಕ್ರಿಯೆ, ಜಾಗ ಬಿಟ್ಟು ಕದಲುತ್ತಿಲ್ಲ.

ಕದಲುವುದು ಹೇಗೆ? ಆಚೆ ದಡದಲ್ಲಿ ಮುಳ್ಳಕ್ಕ ಕೂತಿದ್ದರು! ಅವರ ಕೈಯಲ್ಲೂ ಒಂದು ಟೇಪು. ಅವರೂ ಇಪ್ಪತ್ತು ಸೆಕೆಂಡಿಗೇ ಗುಂಡಿ ಒತ್ತುತ್ತಿದ್ದರು. ಅವರೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು: ಒಂದು ಗಂಡು, ಪಶ್ಚಿಮ ದಡ, ಬಲವಾದ ಪ್ರತಿಕ್ರಿಯೆ.

ನಗಬಹುದು. ನಾವೂ ಆಮೇಲೆ ನಕ್ಕಿದ್ದೇವೆ. ಆದರೆ ಆಗ ಗೊತ್ತಿರಲಿಲ್ಲ. ಒಂದು ಇಲಾಖೆ ಯಾರನ್ನು ಎಲ್ಲಿಗೆ ಕಳಿಸಿದೆ ಎಂದು ಇನ್ನೊಂದು ಇಲಾಖೆಗೆ ಹೇಳುವ ಪದ್ಧತಿ ಇರಲಿಲ್ಲ, ಈಗಲೂ ಇಲ್ಲ. ನಮ್ಮಿಬ್ಬರ ವರದಿ ಎರಡು ಬೇರೆ ದಾರಿಯಿಂದ ಒಂದೇ ಮೇಜಿಗೆ ಹೋಯಿತು. ಒಂದೇ ದಿನ, ಒಂದೇ ತಿರುವು, ಪರಸ್ಪರ ಪರಿಚಯವಿಲ್ಲದ ಇಬ್ಬರು ವೀಕ್ಷಕರು! ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ? ಪರೀಕ್ಷೆ ಮಾಡಿದ ತಜ್ಞರು ನಮ್ಮ ಧ್ವನಿಮುದ್ರಣ ಕೇಳಿ, "ಮೂಲ ಹಾಡಿಗೆ ಅಚ್ಚರಿಯಾಗುವಷ್ಟು ಹೋಲಿಕೆ ಇದೆ" ಎಂದು ಟಿಪ್ಪಣಿ ಬರೆದರು. ಹೋಲದೆ ಏನು! ಅದೇ ತಾನೇ!

ಗೊತ್ತಿದ್ದವರು ಒಬ್ಬರಿದ್ದರು. ಇದೋ, ಈಗ ಕುರ್ಚಿಯಲ್ಲಿ ಕೂತು ತಲೆ ತಗ್ಗಿಸಿದ್ದಾರಲ್ಲ, ನಮ್ಮ ಡ್ರೈವರ್ ಸಾಹೇಬರು. ಆ ಬೆಳಗ್ಗೆ ಅವರು ಮುಳ್ಳಕ್ಕನ ಕಿವಿಯಲ್ಲಿ, "ಮೇಡಂ, ಆಚೆ ಕಡೆ ಯಾರೋ ಟೋಪಿ ಹಾಕ್ಕೊಂಡು ಕೂತವ್ರೆ" ಎಂದಿದ್ದರಂತೆ. ಮುಳ್ಳಕ್ಕ, "ಶ್! ಹಕ್ಕಿ ಹಾರಿಹೋಗುತ್ತೆ" ಎಂದು ಬಾಯಿ ಮುಚ್ಚಿಸಿದರಂತೆ.

ನೀರು ಬಂತು. ವರ್ಷಕ್ಕೆ ಎರಡು ಸಲ ಗೇಟು ತೆರೆಯಿತು. ನನಗೆ ಬಡ್ತಿ ಸಿಕ್ಕಿತು, ಈ ಕಚೇರಿಗೆ ಕರೆದರು, ಮುಳ್ಳಕ್ಕನ ಕೋಣೆಯಲ್ಲೇ ಎರಡನೇ ಮೇಜು ಹಾಕಿಕೊಟ್ಟರು. ನನ್ನ ತಲೆಗೆ ಕೋಡು ಮೂಡಿತು. ಎಲ್ಲಿ ಭಾಷಣ ಮಾಡಿದರೂ ಆ ಬೆಳಗಿನ ಕಥೆಯಿಂದಲೇ ಶುರು. ಇಲ್ಲಿ ಕೂತವರಲ್ಲಿ ಎಷ್ಟೋ ಜನ ಅದನ್ನು ನನ್ನ ಬಾಯಿಂದ ನಾಲ್ಕು ನಾಲ್ಕು ಸಲ ಕೇಳಿದ್ದೀರಿ. ಕ್ಷಮಿಸಿ.

ಆ ಕೋಣೆ ನಿಮಗೆಲ್ಲ ಗೊತ್ತು. ಮೆಟ್ಟಿಲ ಕೆಳಗಿನದು. ಒಂದು ಕಿಟಕಿ, ಒಂದು ಫ್ಯಾನು. ಫ್ಯಾನಿನ ಸದ್ದಿಗೆ ಹೊರಗಿನ ಹಕ್ಕಿ ಕೇಳುವುದಿಲ್ಲ ಎಂದು ಅವರು ಆರಿಸುವುದು, ಬೆವರು ಸುರಿಯುತ್ತದೆ ಎಂದು ನಾನು ಹಾಕುವುದು. ಜಗಳ ಮಾಡಿಕೊಂಡೇ ಚಹಾ ಕುಡಿಯುತ್ತಿದ್ದೆವು. ಒಡಹುಟ್ಟಿದವರು ಇರುವುದು ಹೀಗೇ ಅಲ್ಲವೇ? ನನಗೆ ಅಕ್ಕ ಇರಲಿಲ್ಲ. ಇವರೇ ಅಕ್ಕ.

ಒಂಬತ್ತು ವರ್ಷ ಹೀಗೆ ಹೋಯಿತು. ಆಮೇಲೆ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿ ಎಂದು ಆದೇಶ ಬಂತು. ಒಂದು ಮಧ್ಯಾಹ್ನ ಮುಳ್ಳಕ್ಕ ಕಿವಿಗೆ ಹೆಡ್‌ಫೋನು ಹಾಕಿಕೊಂಡು ನನ್ನ ಕ್ಯಾಸೆಟ್ಟು ಕೇಳುತ್ತಿದ್ದರು — ಆ ಪ್ರಸಿದ್ಧ ಕ್ಯಾಸೆಟ್ಟು. ನಾನು ಎದುರಿಗೆ ಕೂತು ಮೊಟ್ಟೆ ಸುಲಿಯುತ್ತಿದ್ದೆ. ನೋಡುತ್ತೇನೆ, ಅವರ ಮುಖದ ಬಣ್ಣವೇ ಇಳಿದುಹೋಗಿದೆ. ಹೆಡ್‌ಫೋನು ತೆಗೆದು ನನ್ನ ಕಿವಿಗೆ ಹಾಕಿದರು.

"ಕೇಳು."

ಕೇಳಿದೆ. ನನ್ನ ಹಕ್ಕಿ. ನನ್ನ ಹೆಮ್ಮೆಯ ಹಕ್ಕಿ.

"ಹಕ್ಕಿ ಬಿಡು. ಹಿಂದುಗಡೆ ಕೇಳು."

ಸದ್ದು ಜೋರು ಮಾಡಿದರು. ನಡುಗುವ ಸ್ವರ ಮುಗಿಯುವ ಕಡೆ, ತೀರಾ ಸಣ್ಣಗೆ — ಗಡಗಡಗಡಗಡ — ಟಕ್. ಗಡಗಡಗಡಗಡ — ಟಕ್.

"ಏನಕ್ಕ ಇದು?"

"ನಿಮ್ಮ ಭಾವ" ಎಂದರು.

ಅವರ ಮನೆಯ ಮುಂದಿನ ಕೋಣೆಯಲ್ಲಿ ಭಾವ ಹೊಲಿಯುತ್ತಿದ್ದಾಗ, ಇವರು ಅಡುಗೆಮನೆಯ ಮೇಜಿನ ಮೇಲೆ ಎರಡು ಟೇಪ್‌ರೆಕಾರ್ಡರನ್ನು ಎದುರುಬದುರು ಇಟ್ಟು ಹಾಡು ಇಳಿಸಿಕೊಂಡಿದ್ದರು. ಹಾಡಿನ ಜೊತೆಗೆ ಹೊಲಿಗೆ ಮೆಷಿನ್ನಿನ ಸದ್ದೂ ಇಳಿದಿತ್ತು. ಆಚೆ ದಡದ ನನ್ನ ಹಕ್ಕಿ ಹೊಲಿಗೆ ಹಾಕುತ್ತಿತ್ತು! ಆವತ್ತು ಸಂಜೆ ಇಬ್ಬರೂ ಮನೆಗೆ ಹೋಗಿ ಭಾವನಿಗೆ ಕೇಳಿಸಿದೆವು. ಭಾವ ಕನ್ನಡಕ ಹಣೆಗೇರಿಸಿ ಕೇಳಿದರು, ಒಂದೇ ಸಲ. "ಇದು ನನ್ನ ಹಳೇ ಮೆಷಿನ್. ಬೆಲ್ಟ್ ಹರಿದು ಕೊಂಡಿ ಹಾಕಿದ್ದೆ. ಆ ಕೊಂಡಿ ಚಕ್ರದ ಮೇಲೆ ಬಂದಾಗೆಲ್ಲ ಟಕ್ ಅಂತಿತ್ತು" ಎಂದರು. ಆಮೇಲೆ ಕನ್ನಡಕ ಇಳಿಸಿ, "ಮಗಳ ಫ್ರಾಕು ಹೊಲೀತಿದ್ದೆ ಅನ್ಸುತ್ತೆ" ಎಂದರು.

ಮೂವರೂ ಹೊಟ್ಟೆ ಹಿಡಿದು ನಕ್ಕೆವು. ನಕ್ಕು ನಕ್ಕು ಕಣ್ಣು ಒರೆಸಿಕೊಂಡು ಮನೆಗೆ ಬಂದೆ. ಮಾರನೇ ದಿನ ಕೋಣೆಗೆ ಹೋದರೆ ಮುಳ್ಳಕ್ಕ ಏನೋ ಬರೆಯುತ್ತಿದ್ದಾರೆ.

"ಏನ್ ಮಾಡ್ತಿದ್ದೀರಿ ಅಕ್ಕ?"

"ಸಮಿತಿಗೆ ಕಾಗದ. ಅದು ಹಕ್ಕಿಯಲ್ಲ, ನಾವಿಬ್ರು ಅಂತ."

"ತಲೆ ಕೆಟ್ಟಿದೆಯಾ ನಿಮಗೆ? ಗೇಟು ಮುಚ್ಚಿಬಿಡ್ತಾರೆ!"

"ಮುಚ್ಚಬಹುದು."

"ಒಂಬತ್ತು ವರ್ಷದ ಪೊದೆ ಒಣಗಿಹೋಗುತ್ತೆ. ಈಗ ಅಲ್ಲಿ ಎಷ್ಟು ಹಕ್ಕಿ ಇವೆ ಗೊತ್ತಲ್ಲ?"

"ಗೊತ್ತು. ಅದಕ್ಕೇ ನನಗೂ ಭಯ, ಮೂರು ಹಾಳೆ ಹರಿದು ಹಾಕಿದೆ, ನೋಡು. ಆದ್ರೆ ಕೇಳದೇ ಇರೋ ಹಕ್ಕಿನ ಕೇಳಿದ್ದೀವಿ ಅಂತ ಇನ್ನೆಷ್ಟು ದಿನ ಹೇಳ್ಕೊಂಡು ತಿರುಗೋಣ? ನಾಳೆ ನಾವು ನಿಜವಾಗ್ಲೂ ಕೇಳಿದ್ದನ್ನ ಯಾರು ನಂಬ್ತಾರೆ?"

ಸಹಿ ಹಾಕಿದರು. ಕಾಗದವನ್ನು ನನ್ನ ಮೇಜಿಗೆ ಸರಿಸಿದರು. ಇಬ್ಬರ ವರದಿಯ ಮೇಲೆ ನಿಂತ ದಾಖಲೆಯನ್ನು ಹಿಂತೆಗೆದುಕೊಳ್ಳಬೇಕಾದರೆ ಇಬ್ಬರದೂ ಸಹಿ ಬೇಕು, ಅದು ಸಮಿತಿಯ ನಿಯಮ. ನಾನು ಕಾಗದ ಓದಿದೆ. ಮಡಿಸಿದೆ. ಕೆಳಗಿನ ಡ್ರಾಯರಿಗೆ ಹಾಕಿ ಬೀಗ ಹಾಕಿದೆ.

ಪೊದೆ ಉಳಿಸುವುದಕ್ಕೆ, ಎಂದೆ. ಮುಳ್ಳಕ್ಕ ನನ್ನ ಮುಖ ನೋಡಿದರು, ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ಹತ್ತೊಂಬತ್ತು ವರ್ಷ ಆ ಮಾತು ಎತ್ತಲಿಲ್ಲ. ಒಂದು ಸಲವೂ ಎತ್ತಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಬೇರೆ ಯಾರ ಹತ್ತಿರವೂ ಹೇಳಲಿಲ್ಲ. ಅಧ್ಯಕ್ಷರೇ, ನಿಮಗೂ ಇವತ್ತೇ ಮೊದಲು ಗೊತ್ತಾಗುತ್ತಿರುವುದು, ನಿಮ್ಮ ಮುಖ ನೋಡಿದರೇ ತಿಳಿಯುತ್ತದೆ.

ಅವರು ಮಾಡಿದ್ದು ಇಷ್ಟೇ. ಪ್ರತಿ ವಸಂತದಲ್ಲೂ ರಜೆ ಹಾಕಿ ಆ ತಿರುವಿಗೆ ಹೋಗುತ್ತಿದ್ದರು. ಟೇಪು ಮುಟ್ಟಲಿಲ್ಲ. "ಕರೆಯೋದು ಬೇಡ. ಇದ್ರೆ ತಾನಾಗೇ ಹಾಡಲಿ" ಎನ್ನುತ್ತಿದ್ದರು. ದಡದುದ್ದಕ್ಕೂ ನಲವತ್ತು ಗುರುತು. ಒಂದೊಂದು ಗುರುತಿನಲ್ಲೂ ಹತ್ತು ನಿಮಿಷ ಅಲ್ಲಾಡದೆ ನಿಂತು ಕೇಳುವುದು, ಕೇಳಿದ್ದನ್ನು ಬರೆಯುವುದು. ಬೆಳಗ್ಗೆಗೆ ಹತ್ತು ಗುರುತಿನಂತೆ ನಾಲ್ಕು ಬೆಳಗು. ಹಿಂದಿರುಗಿ ಬಂದ ದಿನ ನಾನು ಕಡತದಿಂದ ತಲೆ ಎತ್ತದೆ ಕೇಳುತ್ತಿದ್ದೆ, "ಏನಾದ್ರೂ?"

"ಮುಳ್ಳು" ಎನ್ನುತ್ತಿದ್ದರು.

ಪ್ರತಿ ವರ್ಷ ಇದೇ ಪ್ರಶ್ನೆ, ಇದೇ ಉತ್ತರ. ನನಗೆ ಒಳಗೊಳಗೇ ಸಿಟ್ಟು. ನನ್ನನ್ನು ಸುಳ್ಳುಗಾರ ಎಂದು ತೋರಿಸಲಿಕ್ಕೇ ಹೋಗುತ್ತಾರೆ ಎಂದುಕೊಂಡಿದ್ದೆ. ಅಷ್ಟು ವರ್ಷ ಪಕ್ಕದ ಮೇಜಿನಲ್ಲಿ ಕೂತು, ಒಂದೇ ಫ್ಲಾಸ್ಕಿನ ಚಹಾ ಕುಡಿದು, ಹೀಗೆ ಅಂದುಕೊಂಡಿದ್ದೆ ನೋಡಿ.

ಎರಡು ವರ್ಷದ ಹಿಂದೆ ನಿವೃತ್ತರಾದರು. ಆದರೂ ಹೋಗುವುದು ಬಿಡಲಿಲ್ಲ. ಹೋದ ವಸಂತದಲ್ಲಿ ಬಂದಾಗ ಕೋಣೆಗೆ ಬಂದು, ತಮ್ಮ ಹಳೆಯ ಕುರ್ಚಿಯಲ್ಲೇ ಕೂತರು. "ಏನಾದ್ರೂ?" ಎಂದೆ. ಅವರು ಸ್ವಲ್ಪ ತಡೆದರು. ಆಮೇಲೆ "ಮುಳ್ಳು" ಎಂದರು. ಏಳುವಾಗ, ಬಾಗಿಲ ಹತ್ತಿರ ನಿಂತು —

"ಮುಂದಿನ ಸಲ ನೀನೂ ಬಾರಯ್ಯಾ."

"ಮಂಡಿ ನೋವು ಅಕ್ಕ."

"ಜೀಪು ದಡದವರೆಗೂ ಹೋಗುತ್ತೆ. ನೀನು ಬರೀ ನಿಂತ್ಕೊಂಡ್ರೆ ಸಾಕು."

"ನೋಡೋಣ."

ನೋಡೋಣ ಎಂದೆ. ಹಾಗೆಂದರೆ ಏನರ್ಥ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಮೇಲೆ ಆಸ್ಪತ್ರೆ. ಆಮೇಲೆ ಏನಾಯಿತು ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಮೂರು ವಾರ ಆಯಿತು.

ಕಳೆದ ಭಾನುವಾರ ಭಾವ ನಮ್ಮ ಮನೆಗೆ ಬಂದರು. ಕೈಯಲ್ಲಿ ತಾವೇ ಹೊಲಿದ ಕ್ಯಾನ್‌ವಾಸಿನ ಚೀಲ. "ಇದು ನಿನಗೆ ಸೇರಬೇಕಂತೆ" ಎಂದು ಮೇಜಿನ ಮೇಲಿಟ್ಟರು. ಒಳಗೆ ಹತ್ತೊಂಬತ್ತು ಪುಸ್ತಕ. ವರ್ಷಕ್ಕೊಂದು.

ತೆರೆದೆ. ಪೊದೆಹಾಡಿಯ ಹೆಸರಿನ ಮುಂದೆ ಸೊನ್ನೆ. ಸೊನ್ನೆ. ಸೊನ್ನೆ. ನಾನು ಅಂದುಕೊಂಡ ಹಾಗೇ. ಆದರೆ ಸೊನ್ನೆಯ ಕೆಳಗಿನ ಸಾಲುಗಳು! ಮೊದಲ ವರ್ಷ ಇಪ್ಪತ್ತೆರಡು ಜಾತಿಯ ಹಕ್ಕಿ. ಐದನೇ ವರ್ಷ ಮೂವತ್ತು. ಹೋದ ವರ್ಷ ನಲವತ್ತೊಂದು. ಯಾವುದು ಎಲ್ಲಿ ಗೂಡು ಕಟ್ಟಿದೆ, ಗೇಟು ತೆರೆದು ಎಷ್ಟನೇ ದಿನಕ್ಕೆ ಯಾವ ಹಾಡು ಶುರುವಾಗುತ್ತದೆ, ನೀರು ತಡವಾಗಿ ಬಂದ ವರ್ಷ ಎಷ್ಟು ಮರಿ ಸತ್ತವು — ಎಲ್ಲ ಇದೆ. ಈ ತಿರುವಿಗೆ ನೀರು ಯಾಕೆ ಬೇಕು ಎಂಬುದಕ್ಕೆ ಇಲ್ಲದ ಹಕ್ಕಿಯ ಸಾಕ್ಷಿ ಬೇಕಾಗೇ ಇಲ್ಲ. ಅವರು ನನ್ನನ್ನು ಸುಳ್ಳುಗಾರ ಮಾಡಲು ಹೋಗುತ್ತಿರಲಿಲ್ಲ. ನಾನು ಧೈರ್ಯವಾಗಿ ಸಹಿ ಹಾಕುವ ಹಾಗೆ ಮಾಡಲು ಹೋಗುತ್ತಿದ್ದರು. ಹತ್ತೊಂಬತ್ತು ವರ್ಷ, ಒಬ್ಬರೇ.

ಓದುತ್ತಾ ಓದುತ್ತಾ ನನಗೆ ನಾಚಿಕೆಯಾಯಿತು. ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ: ಆವತ್ತು ನಾನು ಹೆದರಿದ್ದು ನನ್ನ ಹೆಸರಿಗೆ. ನನ್ನ ಬಡ್ತಿಗೆ. ಭಾಷಣ ಶುರು ಮಾಡಲು ಇದ್ದ ಒಂದೇ ಒಳ್ಳೆಯ ಕಥೆಗೆ. ಪೊದೆಯ ಹೆಸರು ಹೇಳಿದೆ, ಅಷ್ಟೇ.

ಇನ್ನು ಕೊನೆಯ ಪುಸ್ತಕ. ಇಲ್ಲೇ ಇದೆ. ಒಂದು ಪುಟ ಓದುತ್ತೇನೆ, ಅವರ ಅಕ್ಷರ ನಿಮಗೆ ಗೊತ್ತು, ಕನ್ನಡಕ ಬೇಕು — ಹಾಂ.

"ಗುರುತು ಇಪ್ಪತ್ಮೂರು. ಮೂರನೇ ಬೆಳಗ್ಗೆ. ಏಳನೇ ನಿಮಿಷ. ಮೂರು ಸ್ವರ ಇಳಿಯಿತು, ತಡೆಯಿತು, ನಡುಗಿತು. ಒಂದೇ ಸಲ. ಕಾಣಲಿಲ್ಲ. ಹಿಂದುಗಡೆ ಹೊಲಿಗೆ ಮೆಷಿನ್ ಸದ್ದು ಇಲ್ಲ. ಒಬ್ಬಳೇ ಇದ್ದೆ. ಎಣಿಕೆಗೆ ಬೇಡ."

ಮುಂದೆ, ಪೊದೆಹಾಡಿಯ ಹೆಸರಿನ ಎದುರು, ಸೊನ್ನೆ.

ಇಪ್ಪತ್ತೆಂಟು ವರ್ಷ ಹುಡುಕಿದ ಹಕ್ಕಿ. ಕೇಳಿದರು. ಕೇಳಿಯೂ ಸೊನ್ನೆ ಬರೆದರು. ಆ ಬೆಳಗ್ಗೆ ಡ್ರೈವರ್ ಸಾಹೇಬರು ಜೀಪಿನ ಹತ್ತಿರ ಇದ್ದರು. ಮೊನ್ನೆ ನಾನು ಕೇಳಿದೆ, "ನಿಮ್ಮನ್ನ ಕರೀಲಿಲ್ವಾ?" ಅಂತ. "ಇಲ್ಲ ಸಾರ್. ಕರೆದಿದ್ರೆ ಕೇಳಿದೆ ಅಂತಿದ್ದೆ ನಾನು. ಮೇಡಂಗೋಸ್ಕರ ಏನ್ ಬೇಕಾದ್ರೂ ಕೇಳಿದೆ ಅಂತಿದ್ದೆ" ಎಂದರು. ಅದು ಗೊತ್ತಿದ್ದೇ ಅವರು ಕರೆಯಲಿಲ್ಲ. ಅವರಿಗೆ ಬೇಕಾಗಿದ್ದದ್ದು ಆ ಹಾಡು ಗೊತ್ತಿರುವ ಇನ್ನೊಂದು ಕಿವಿ. ಬಂದು ನನ್ನನ್ನೇ ಕರೆದರು. ಬರೀ ನಿಂತುಕೊಂಡರೆ ಸಾಕು ಎಂದರು. ನಾನು ಮಂಡಿ ನೋವು ಎಂದೆ.

— ಒಂದು ನಿಮಿಷ. ನೀರು ಕುಡಿಯುತ್ತೇನೆ.

ಅಧ್ಯಕ್ಷರೇ, ಇದು ಆ ಕಾಗದ. ಡ್ರಾಯರಿನಲ್ಲಿದ್ದು ಮಡಿಕೆ ಹಳದಿಯಾಗಿದೆ. ಅವರ ಸಹಿ ಹತ್ತೊಂಬತ್ತು ವರ್ಷದ ಹಿಂದಿನದು, ನನ್ನ ಸಹಿ ಇವತ್ತು ಬೆಳಗಿನದು. ತೆಗೆದುಕೊಳ್ಳಿ. ಇದು ಹತ್ತೊಂಬತ್ತು ಪುಸ್ತಕದ ಚೀಲ. ಇದನ್ನೂ ತೆಗೆದುಕೊಳ್ಳಿ, ಭಾರ ಇದೆ, ಎರಡೂ ಕೈಯಲ್ಲಿ ಹಿಡಿಯಿರಿ. ಕಾಗದ ಓದಿದ ಮೇಲೆ ಪುಸ್ತಕಗಳನ್ನೂ ಓದಿ, ಆಮೇಲೆ ತೀರ್ಮಾನ ಮಾಡಿ. ಇಷ್ಟು ಬಿಟ್ಟು ನಾನು ಬೇರೆ ಏನೂ ಕೇಳುವುದಿಲ್ಲ. ಗೇಟು ಮುಚ್ಚಿದರೆ ಏನು ಮಾಡುವುದು ಎಂದು ನನಗೆ ಗೊತ್ತಿಲ್ಲ. ಭಯ ಇದೆ. ಅವರಿಗೂ ಇತ್ತು, ಆದರೂ ಸಹಿ ಹಾಕಿದ್ದರು.

ಇನ್ನೊಂದು ತಿಂಗಳಿಗೆ ವಸಂತ. ಡ್ರೈವರ್ ಸಾಹೇಬರೇ, ಜೀಪು ಸರಿ ಮಾಡಿಸಿಡಿ. ಮಂಡಿಯ ವಿಷಯ ನಾನು ನೋಡಿಕೊಳ್ಳುತ್ತೇನೆ. ಅಕ್ಕನ ಮಗಳು ತಾನೂ ಬರುತ್ತೇನೆ ಎಂದಿದ್ದಾಳೆ. ಅಮ್ಮ ಬಚ್ಚಲಲ್ಲಿ, ಅಡುಗೆಮನೆಯಲ್ಲಿ ದಿನಾ ಸಿಳ್ಳೆ ಹಾಕುತ್ತಿದ್ದ ಹಾಡು, ಅವಳಿಗೂ ಬಾಯಿಪಾಠ. ಇಪ್ಪತ್ಮೂರನೇ ಗುರುತಿನಲ್ಲಿ ಇಬ್ಬರೂ ನಿಲ್ಲುತ್ತೇವೆ, ಹತ್ತು ನಿಮಿಷ, ಬೇರೆ ಬೇರೆ ಪುಸ್ತಕ ಹಿಡಿದು, ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ. ಕೇಳಿದರೆ ಕೇಳಿದೆ ಎಂದು ಬರೆಯುತ್ತೇವೆ. ಕೇಳದಿದ್ದರೆ ಸೊನ್ನೆ ಬರೆದು ಬರುತ್ತೇವೆ. ಬರುವಾಗ ಮೈತುಂಬ ಮುಳ್ಳು ಇರುತ್ತದೆ ಭಾವ, ಸೂಜಿಗೆ ದಾರ ಪೋಣಿಸಿ ಇಟ್ಟುಕೊಳ್ಳಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಭಾವ, ನೀವು ಕೂತೇ ಇರಿ, ಪರವಾಗಿಲ್ಲ. ಮೊಬೈಲು ಆರಿಸಿ. ಆ ಫ್ಯಾನು ನಿಲ್ಲಿಸಿಬಿಡಿ — ಹೌದು, ಇವತ್ತು ನಾನೇ ಹೇಳುತ್ತಿದ್ದೇನೆ, ನಿಲ್ಲಿಸಿ. ಕಿಟಕಿ ತೆರೆದೇ ಇರಲಿ.

ಸಭೆಗಳಲ್ಲಿ ಒಂದು ನಿಮಿಷ ಮೌನ ಎನ್ನುತ್ತಾರೆ. ನಾವು ಎರಡು ನಿಮಿಷ ನಿಲ್ಲೋಣ. ಹಾಡು ಮುಗಿದ ಮೇಲೆ ಎರಡು ನಿಮಿಷ ಕೇಳಬೇಕು ಎಂಬುದು ನಿಯಮ. ಆವತ್ತು ನಾನು ಆ ಎರಡು ನಿಮಿಷ ಸುಮ್ಮನೆ ಕೂತಿದ್ದರೆ, ಆಚೆ ದಡದಲ್ಲಿ ಟೇಪಿನ ಗುಂಡಿ ಟಿಕ್ ಎನ್ನುವುದು ಕೇಳುತ್ತಿತ್ತು. ಅಲ್ಲಿರುವುದು ಮನುಷ್ಯರು ಎಂದು ಗೊತ್ತಾಗುತ್ತಿತ್ತು. ಇಪ್ಪತ್ತು ಸೆಕೆಂಡಿಗೇ ಒತ್ತಿಬಿಟ್ಟೆ.

ಇವತ್ತು ಪೂರಾ ಎರಡು ನಿಮಿಷ. ಗಡಿಯಾರ ನಾನು ನೋಡುತ್ತೇನೆ. ನೀವು ಕೇಳಿ.